ಬೆನಗಲ್ ನರಸಿಂಗ ರಾವ್ ಮತ್ತು ಹುಟ್ಟಿದ ನೆಲದ ಹಕ್ಕು

ಡಿಡ್ಸ್‌ಬರಿ, ಮ್ಯಾಂಚೆಸ್ಟರ್: ಮಗು ಹುಟ್ಟಿದ ನೆಲ ನೋಡಿ ಪೌರತ್ವ ಕೊಡಬೇಕೆ, ಇಲ್ಲವೇ ತಂದೆ-ತಾಯಿಯ ಕಾಗದಪತ್ರ ನೋಡಿ ಕೊಡಬೇಕೆ? 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶದಿಂದ ಈ ಪ್ರಶ್ನೆ ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮನೆಮನೆಯ ಮಾತಾಯಿತು. ತಾತ್ಕಾಲಿಕ ವೀಸಾದ ಮೇಲಿರುವವರ ಮಕ್ಕಳನ್ನೂ ಹೊರಗಿಡಲು ಹೊರಟ ಆ ಆದೇಶ ಕೋರ್ಟಿನ ಮೆಟ್ಟಿಲೇರಿತು. ನಾವಿರುವ ಬ್ರಿಟನ್ ಮತ್ತು ನಾವು ಬಿಟ್ಟುಬಂದ ಭಾರತ ಈ ವಿಷಯದಲ್ಲಿ ಎಂದೋ ತಮ್ಮ ದಾರಿ ಬದಲಿಸಿವೆ. ಈ ಎರಡೂ ದೇಶಗಳ ಕಾನೂನನ್ನು ಬಲ್ಲವರಾಗಿದ್ದ ನಮ್ಮ ಕರಾವಳಿಯ ಹಿರಿಯರೊಬ್ಬರನ್ನು ಇಲ್ಲಿ ನೆನೆಯುವುದು ಉಚಿತ. ಅವರೇ ಸರ್ ಬೆನಗಲ್ ನರಸಿಂಗ ರಾವ್, ಅರ್ಥಾತ್ ಬಿ.ಎನ್. ರಾವ್.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ರಾಘವೇಂದ್ರ ರಾವ್ ಹೆಸರಾಂತ ವೈದ್ಯರು. ಮನೆಮಾತು ಕೊಂಕಣಿ. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ಬಿ. ರಾಮರಾವ್, ಪತ್ರಕರ್ತ ಹಾಗೂ ಸಂವಿಧಾನ ಸಭೆಯ ಸದಸ್ಯ ಬಿ. ಶಿವರಾವ್ ಇವರ ತಮ್ಮಂದಿರು.

ಇಲ್ಲೊಂದು ಸ್ವಾರಸ್ಯವಿದೆ. ರಾಜನ ಆಳ್ವಿಕೆಯ ನೆಲದಲ್ಲಿ ಹುಟ್ಟಿದವನು ರಾಜನ ಪ್ರಜೆ ಎಂಬುದು 1608ರ ಕ್ಯಾಲ್ವಿನ್ ಮೊಕದ್ದಮೆಯ ಕಾಲದಿಂದ ಗಟ್ಟಿಯಾಗಿ ನಿಂತ ಇಂಗ್ಲಿಷ್ ನಿಯಮ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ರಾಯರು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಕಾನೂನಿನ ಕಣ್ಣಿನಲ್ಲಿ ಡಿಡ್ಸ್‌ಬರಿಯಲ್ಲಿ ಹುಟ್ಟಿದ ಮಗುವಿನ ಸಮಾನ. ಅದೇ ಮೈಸೂರಿನಲ್ಲಿ ಹುಟ್ಟಿದ್ದರೆ? ಅದು ಮಹಾರಾಜರ ಸಂಸ್ಥಾನವಾದ್ದರಿಂದ ಅವರು ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರು ಮಾತ್ರ ಆಗುತ್ತಿದ್ದರು! ಒಂದೇ ಕನ್ನಡ ನಾಡು, ಘಟ್ಟದ ಮೇಲೊಂದು ಪಟ್ಟ, ಕೆಳಗೊಂದು ಪಟ್ಟ.

ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿದ ರಾಯರು ಐ.ಸಿ.ಎಸ್. ಪಾಸು ಮಾಡಿ 1910ರಲ್ಲಿ ಬಂಗಾಳಕ್ಕೆ ಹೋದರು. ಮುಂದೆ ಅಸ್ಸಾಂ ಸರ್ಕಾರದ ಶಾಸನ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದರು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು, ಹಿಂದೂ ಕಾನೂನು ಸುಧಾರಣಾ ಸಮಿತಿಯ ಮುಖ್ಯಸ್ಥರಾದರು, ಜಮ್ಮು ಮತ್ತು ಕಾಶ್ಮೀರದ ಪ್ರಧಾನಿಯೂ ಆಗಿದ್ದರು.

1946ರಲ್ಲಿ ರಾಯರು ಸಂವಿಧಾನ ಸಭೆಯ ಸಲಹೆಗಾರರಾದರು. ಈ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡೇ ಅಂಬೇಡ್ಕರ್ ಅವರ ಸಮಿತಿಯ ಕೆಲಸಕ್ಕೆ ತಳಹದಿ. ಅಂಬೇಡ್ಕರ್ ಇದನ್ನು ಸಭೆಯಲ್ಲಿ ಮನಸಾರೆ ಸ್ಮರಿಸಿದರು.

ಪೌರತ್ವದ ಚರ್ಚೆ ಸುಲಭದ್ದಾಗಿರಲಿಲ್ಲ. 1947ರ ಏಪ್ರಿಲ್‌ನಲ್ಲೇ, ಅಕಸ್ಮಾತ್ ಇಲ್ಲಿ ಹುಟ್ಟಿದ ವಿದೇಶಿಯರ ಮಕ್ಕಳಿಗೆಲ್ಲ ಪೌರತ್ವ ಏಕೆಂದು ಕೆಲವು ಸದಸ್ಯರು ಕೇಳಿದರು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭಾರತೀಯರಿಗೆ ಅಲ್ಲಿನ ಹಕ್ಕು ಕೇಳುವ ನಾವು ಇಲ್ಲಿ ಸಣ್ಣ ಮನಸ್ಸು ಮಾಡಬಾರದೆಂದು ಸರ್ದಾರ್ ಪಟೇಲರು ವಾದಿಸಿದರು. 1949ರ ಆಗಸ್ಟ್‌ನಲ್ಲಿ ಪಿ.ಎಸ್. ದೇಶಮುಖರು ಇದು ತೀರಾ ಅಗ್ಗದ ಪೌರತ್ವವೆಂದು ಮತ್ತೆ ಆಕ್ಷೇಪಿಸಿದರು. ಆದರೂ ಭಾರತದಲ್ಲಿ ನೆಲೆಸಿ ಅಲ್ಲೇ ಹುಟ್ಟಿದವರಿಗೆ 5ನೇ ವಿಧಿಯಲ್ಲಿ ಜಾಗ ಸಿಕ್ಕಿತು. 1955ರ ಕಾಯಿದೆ 1950ರ ಜನವರಿ 26ರಿಂದ ಭಾರತದಲ್ಲಿ ಹುಟ್ಟಿದ ಬಹುತೇಕ ಎಲ್ಲರನ್ನೂ ಪೌರರೆಂದಿತು.

ಅದನ್ನು ನೋಡಲು ರಾಯರಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿ, ಬಳಿಕ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ದುಡಿದ ಅವರು 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ತೀರಿಕೊಂಡರು.

ನಂತರ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಬ್ರಿಟನ್ 1983ರ ಜನವರಿ 1ರಿಂದ ಹಳೆಯ ನಿಯಮ ಕೈಬಿಟ್ಟಿತು. ಹುಟ್ಟಿದರೆ ಸಾಕು ಎಂಬ ಒಂದು ಸಾಲಿನ ಜಾಗಕ್ಕೆ ಎಷ್ಟು ಷರತ್ತುಗಳು ಬಂದವೆಂದರೆ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಆ ಕಾಯಿದೆಯನ್ನು ಪ್ರೋಲಾಗ್ ಭಾಷೆಯ ಪ್ರೋಗ್ರಾಮ್ ಆಗಿಯೇ ಬರೆದು 1986ರಲ್ಲಿ ಪ್ರಕಟಿಸಿದರು! ರಾಯರು ದುಡಿದಿದ್ದ ಅಸ್ಸಾಮಿನಲ್ಲಿ ವಲಸೆಯ ವಿರುದ್ಧ ಚಳವಳಿ ನಡೆದು 1985ರಲ್ಲಿ ಒಪ್ಪಂದವಾಯಿತು. ಅದರ ಬೆನ್ನಲ್ಲೇ ಭಾರತವೂ 1987ರ ಜುಲೈ 1ರಿಂದ ಹುಟ್ಟುವವರ ತಂದೆ-ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕೆಂದಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದೆಂದೂ ಸೇರಿಸಿತು.

ಹೊಸದಾಗಿ ಬಂದಿರುವ ದಂಪತಿಗಳು ಗಮನಿಸಿ: ಮಗು ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿತೆಂದ ಮಾತ್ರಕ್ಕೆ ಬ್ರಿಟಿಷ್ ಆಗುವುದಿಲ್ಲ. ಹುಟ್ಟುವ ಹೊತ್ತಿಗೆ ತಂದೆ ಅಥವಾ ತಾಯಿ ಬ್ರಿಟಿಷ್ ಪೌರರಾಗಿರಬೇಕು, ಇಲ್ಲವೇ ಇಲ್ಲಿ ಕಾಯಂ ವಾಸದ ಹಕ್ಕು ಪಡೆದಿರಬೇಕು. ಹಾಗಿಲ್ಲದಿದ್ದರೆ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಿ. ಮುಂದೆ ನಿಮಗೆ ಕಾಯಂ ವಾಸದ ಹಕ್ಕು ಸಿಕ್ಕಾಗ, ಮಗುವಿಗೆ 18 ತುಂಬುವ ಮೊದಲೇ ಬ್ರಿಟಿಷ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಮಂಗಳೂರಿನ ರಾಯರಿಗೆ ತೊಟ್ಟಿಲಲ್ಲೇ ದೊರೆತದ್ದನ್ನು ನಮ್ಮ ಮಕ್ಕಳಿಗೆ ನಾವು ಅರ್ಜಿ ಹಾಕಿಯೇ ಪಡೆಯಬೇಕು.