ವೃಂದಗಾನದ ಸಾಧಕ ಕಾರ್ಲ್ ರಿಕ್ಟರ್

ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಸುಮಾರು ಕ್ರಿ.ಶ. 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಯುಗವೆಂದು ಕರೆಯುತ್ತಾರೆ. ಆ ಯುಗದ ಶಿಖರಪ್ರಾಯನಾದ ಸಂಗೀತ ರಚನಕಾರ ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್. 1723ರಿಂದ ತನ್ನ ಕೊನೆಯುಸಿರಿನವರೆಗೆ ಅವನು ಲೈಪ್‌ಜಿಗ್ ನಗರದ ಸಂತ ಥಾಮಸರ ಚರ್ಚಿನಲ್ಲಿ ಗಾಯಕವೃಂದದ ಆಚಾರ್ಯನಾಗಿದ್ದನು. ಆ ಪೀಠವನ್ನೇರುವುದು ಜರ್ಮನಿಯ ಸಂಗೀತಗಾರರಿಗೆ ಇಂದಿಗೂ ಪರಮ ಗೌರವ. ಅಂತಹ ಪೀಠವು ತಾನಾಗಿಯೇ ಕರೆದಾಗ ವಿನಯದಿಂದ ಒಲ್ಲೆನೆಂದವರು ಕಾರ್ಲ್ ರಿಕ್ಟರ್.

ರಿಕ್ಟರ್ 1926ರ ಅಕ್ಟೋಬರ್ 15ರಂದು ಸ್ಯಾಕ್ಸನಿ ಪ್ರಾಂತದ ಪ್ಲೌವೆನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪ್ರಾಟೆಸ್ಟೆಂಟ್ ಪಾದ್ರಿ. ಬಾಲಕನು ಡ್ರೆಸ್ಡೆನ್ ನಗರದ ಪವಿತ್ರ ಶಿಲುಬೆಯ ಚರ್ಚಿನ ಗಾಯಕವೃಂದವನ್ನು ಸೇರಿ, ರುಡಾಲ್ಫ್ ಮೌವರ್ಸ್‌ಬರ್ಗರ್ ಅವರಲ್ಲಿ ಹಾಡುಗಾರಿಕೆಯ ಶಿಸ್ತನ್ನು ಕಲಿತನು. 1945ರ ಫೆಬ್ರವರಿಯ ಬಾಂಬು ದಾಳಿಯಲ್ಲಿ ಆ ಚರ್ಚು ನಗರದೊಂದಿಗೆ ಬೆಂದುಹೋಯಿತು. ಯುದ್ಧ ಮುಗಿದ ಬಳಿಕ ರಿಕ್ಟರ್ ಲೈಪ್‌ಜಿಗ್ಗಿನಲ್ಲಿ ಕಾರ್ಲ್ ಸ್ಟ್ರೌಬೆ ಮತ್ತು ಗುಂಟರ್ ರಾಮಿನ್ ಅವರ ಶಿಷ್ಯರಾದರು. ಈ ಇಬ್ಬರು ಗುರುಗಳೂ ಬಾಖ್‌ನ ಪೀಠವನ್ನು ಅಲಂಕರಿಸಿದವರೇ. 1949ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ರಿಕ್ಟರ್ ಅದೇ ಚರ್ಚಿನ ಆರ್ಗನ್ ವಾದಕರಾದರು.

ಅಷ್ಟರಲ್ಲಿ ಜರ್ಮನಿ ಇಬ್ಭಾಗವಾಗಿತ್ತು. ಲೈಪ್‌ಜಿಗ್ ಪೂರ್ವ ಜರ್ಮನಿಯ ಪಾಲಾಗಿತ್ತು. 1951ರಲ್ಲಿ ರಿಕ್ಟರ್ ಪಶ್ಚಿಮ ಜರ್ಮನಿಯ ಮ್ಯೂನಿಕ್ ನಗರಕ್ಕೆ ಬಂದು ಸಂತ ಮಾರ್ಕನ ಚರ್ಚಿನ ಸಂಗೀತದ ಹೊಣೆ ಹೊತ್ತರು. ಅಲ್ಲಿ ಒಂದು ಸಣ್ಣ ಗಾಯಕ ಬಳಗವೂ ಅವರ ಕೈಸೇರಿತು. ಮುಂದೆ ಮ್ಯೂನಿಕ್ ಬಾಖ್ ಗಾಯಕವೃಂದವೆಂದು ಹೆಸರಾದದ್ದು ಇದೇ. ಅದರ ಸದಸ್ಯರು ವೃತ್ತಿಗಾಯಕರಲ್ಲ. ತಮ್ಮ ತಮ್ಮ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದ ಹವ್ಯಾಸಿಗಳು. ಬಾಖ್‌ನ ವೃಂದಗಾನವಾದರೋ ಸುಲಭಸಾಧ್ಯವಲ್ಲ. ನಮ್ಮ ಸಂಗೀತದಲ್ಲಿ ಒಂದೇ ಸ್ವರಧಾರೆ ಹರಿದರೆ, ಅಲ್ಲಿ ನಾಲ್ಕಾರು ಧಾರೆಗಳು ಏಕಕಾಲದಲ್ಲಿ ಬೇರೆ ಬೇರೆಯಾಗಿ ಹರಿದೂ ಒಂದಾಗಬೇಕು. ಒಬ್ಬನು ತಪ್ಪಿದರೂ ನೇಯ್ಗೆಯ ಎಳೆ ಕಡಿಯುತ್ತದೆ. ಇಂತಹ ಸಂಗೀತವನ್ನು ರಿಕ್ಟರ್ ಸಾಮಾನ್ಯ ನಾಗರಿಕರ ಕಂಠದಲ್ಲಿ ನೆಲೆಗೊಳಿಸಿದರು.

1956ರಲ್ಲಿ ರಾಮಿನ್ ನಿಧನರಾದಾಗ ಬಾಖ್‌ನ ಪೀಠ ತೆರವಾಯಿತು. ಕರೆ ಬಂದದ್ದು ಶಿಷ್ಯನಿಗೆ. ಆಗ ಅವರಿಗೆ ವಯಸ್ಸು ಕೇವಲ 29. ಒಂದೆಡೆ ಗುರುಗಳು ಕುಳಿತಿದ್ದ ಸ್ಥಾನ, ಎರಡು ಶತಮಾನಗಳ ಕೀರ್ತಿ. ಇನ್ನೊಂದೆಡೆ ಐದೇ ವರ್ಷಗಳ ಹವ್ಯಾಸಿ ಬಳಗ. ರಿಕ್ಟರ್ ಆ ಬಳಗವನ್ನು ಬಿಟ್ಟು ಹೋಗಲಿಲ್ಲ.

1958ರಲ್ಲಿ ಅದೇ ವೃಂದ ಬಾಖ್‌ನ ‘ಸಂತ ಮತ್ತಾಯನ ಪ್ಯಾಶನ್’ ಕೃತಿಯನ್ನು ಧ್ವನಿಮುದ್ರಿಸಿತು. ಯೇಸುವಿನ ಯಾತನೆ ಮತ್ತು ಮರಣಗಳನ್ನು ಎರಡು ಗಾಯಕವೃಂದ, ಎರಡು ವಾದ್ಯವೃಂದಗಳಿಂದ ನಿರೂಪಿಸುವ ಈ ಮಹಾಕೃತಿಯ ಧ್ವನಿಮುದ್ರಿಕೆ ದೇಶದೇಶಗಳಲ್ಲಿ ಹೆಸರು ಮಾಡಿತು. 1968ರಲ್ಲಿ ವೃಂದವು ಸೋವಿಯತ್ ಒಕ್ಕೂಟದ ಮಾಸ್ಕೋ, ಲೆನಿನ್‌ಗ್ರಾಡ್ ನಗರಗಳಲ್ಲಿಯೂ ಹಾಡಿತು. ಬಾಖ್‌ನ ಸುಮಾರು 75 ಕ್ಯಾಂಟಾಟಾಗಳು, ಎಂದರೆ ಆರಾಧನೆಗಾಗಿ ರಚಿತವಾದ ಗೇಯಕೃತಿಗಳು, ರಿಕ್ಟರ್ ಅವರ ನಿರ್ದೇಶನದಲ್ಲಿ ಮುದ್ರಿತವಾದವು.

ಕಾಲಕ್ರಮದಲ್ಲಿ ಅಭಿರುಚಿ ಬದಲಾಯಿತು. ಬಾಖ್‌ನ ಕೃತಿಗಳನ್ನು ಅವನ ಕಾಲದ ವಾದ್ಯಗಳಿಂದ, ಕಿರಿಯ ವೃಂದಗಳಿಂದಲೇ ಹಾಡಿಸಬೇಕೆಂಬ ಪಂಥ ಬಲಗೊಂಡಿತು. ನಿಕೋಲಾಸ್ ಹಾರ್ನನ್‌ಕೋರ್ಟ್, ಗುಸ್ತಾವ್ ಲಿಯೋನ್‌ಹಾರ್ಟ್ ಮೊದಲಾದವರು ಇದರ ಮುಂದಾಳುಗಳು. ಆಧುನಿಕ ವಾದ್ಯಗಳನ್ನೂ ದೊಡ್ಡ ವೃಂದವನ್ನೂ ನೆಚ್ಚಿದ ರಿಕ್ಟರ್ ಹಳಬರೆನಿಸಿಕೊಂಡರು. ದೇಹವೂ ಕೈಕೊಡತೊಡಗಿತು, ಹೃದಯ ದುರ್ಬಲವಾಯಿತು, ದೃಷ್ಟಿ ಕುಂದಿತು. ಆದರೂ ತಮಗೆ ನಿಜವೆಂದು ತೋರಿದ ದಾರಿಯನ್ನು ಅವರು ಬಿಡಲಿಲ್ಲ. 1981ರ ಫೆಬ್ರವರಿ 15ರಂದು, 54ನೆಯ ವಯಸ್ಸಿನಲ್ಲಿ, ಮ್ಯೂನಿಕ್ಕಿನಲ್ಲಿಯೇ ಹೃದಯಾಘಾತದಿಂದ ಮರಣ ಹೊಂದಿದರು.

ಇಂದು ಹಳೆಯ ವಾದ್ಯಗಳ ಪಂಥವೇ ಬಹುಮಟ್ಟಿಗೆ ಗೆದ್ದಿದೆ. ಆದರೂ ರಿಕ್ಟರ್ ಅವರ ಧ್ವನಿಮುದ್ರಿಕೆಗಳನ್ನು ಕೇಳುವವರು ಕಡಿಮೆಯಾಗಿಲ್ಲ; ಅವರು ಬೆಳೆಸಿದ ವೃಂದ ಇನ್ನೂ ಹಾಡುತ್ತಿದೆ. ಸಿದ್ಧವಾಗಿದ್ದ ಪೀಠವನ್ನು ಏರುವ ಬದಲು, ತಮ್ಮನ್ನು ನಂಬಿದವರನ್ನು ಎತ್ತರಕ್ಕೆ ಏರಿಸಿದ್ದೇ ಅವರ ಸಾಧನೆ.