ಗಾನಯೋಗಿ ಪಂಚಾಕ್ಷರ ಗವಾಯಿಗಳು: ಶಿಷ್ಯಪೋಷಣೆಯ ಒಂದು ಆದರ್ಶ

ವಿದ್ಯೆಯನ್ನು ಕೊಡುವುದು ಒಂದು ಕಾರ್ಯ. ಆ ವಿದ್ಯೆಯನ್ನು ಪಡೆಯಬಲ್ಲ ಸ್ಥಿತಿಯಲ್ಲಿ ಶಿಷ್ಯನನ್ನು ಇರಿಸುವುದು ಅದಕ್ಕಿಂತ ಮೊದಲು ನಡೆಯಬೇಕಾದ ಮತ್ತೊಂದು ಕಾರ್ಯ. ಹಸಿದ ಹೊಟ್ಟೆಯವನಿಗೆ ಷಡ್ಜವು ನಿಲ್ಲದು. ತಾನು ಯಾರಿಗೂ ಬೇಡದವನೆಂಬ ಅಳುಕು ಮನದಲ್ಲಿರುವವನಿಗೆ ಲಯವು ಕೂಡಿಬಾರದು. ಉಳಿದ ಶಾಸ್ತ್ರಗಳಿಗೆ ಪುಸ್ತಕವೂ ಲೇಖನಿಯೂ ಉಪಕರಣಗಳು. ಸಂಗೀತಕ್ಕಾದರೋ ಕಲಿಯುವವನ ಶರೀರವೇ ಉಪಕರಣ. ಅವನ ಕಂಠ, ಉಸಿರು, ಬೆರಳು, ಕಿವಿ, ಎಲ್ಲಕ್ಕೂ ಮಿಗಿಲಾಗಿ ಅವನ ಮನಸ್ಸು ಸ್ವಸ್ಥವಾಗಿರದಿದ್ದರೆ ಎಂತಹ ಗುರುವಿನ ಪಾಠವೂ ಒಡಕು ಬಿಂದಿಗೆಗೆ ಎರೆದ ನೀರಾಗುವುದು.

ಸಂಗೀತ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ, ವಿಕಲಾಂಗರಿಗೆ ಅನುಕೂಲ, ಮನಃಸ್ವಾಸ್ಥ್ಯದ ರಕ್ಷಣೆ ಎಂಬ ವಿಷಯಗಳು ಇಂದು ವಿಶ್ವವಿದ್ಯಾಲಯಗಳಲ್ಲಿ ಚರ್ಚೆಗೆ ಬರುತ್ತಿವೆ. ಹೆಸರುಗಳು ಹೊಸವು, ಕಾರ್ಯವು ಹೊಸದಲ್ಲ. ಕಟ್ಟಡವಿಲ್ಲದೆ, ಸರಕಾರದ ಆಜ್ಞೆಯಿಲ್ಲದೆ, ಊರೂರು ತಿರುಗುತ್ತ ಈ ಕಾರ್ಯವನ್ನು ನಮ್ಮ ನಾಡಿನಲ್ಲಿಯೇ ಮಾಡಿ ತೋರಿದ ಮಹನೀಯರೊಬ್ಬರಿದ್ದರು. ಅವರೇ ಗಾನಯೋಗಿ ಪಂಚಾಕ್ಷರ ಗವಾಯಿಗಳವರು. ಅವರ ಗಾನವನ್ನು ಕೊಂಡಾಡಿದವರು ಬಹಳ ಮಂದಿ. ಅವರ ಶಿಷ್ಯಪೋಷಣೆಯ ಕ್ರಮವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಜನನ ಮತ್ತು ಬಾಲ್ಯ

ಗವಾಯಿಗಳವರು ಜನಿಸಿದ್ದು 1892ನೆಯ ಇಸವಿ ಫೆಬ್ರವರಿ 2ರಂದು, ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದ ಹೆಸರು ಗದಿಗೆಯ್ಯ. ಗದಿಗೆಯ್ಯನೂ ಸೋದರ ಗುರುಬಸಯ್ಯನೂ ಇಬ್ಬರೂ ಹುಟ್ಟು ಕುರುಡರು. ಬಡತನದ ಮನೆಯಲ್ಲಿ ಒಂದಲ್ಲ, ಎರಡು ಮಕ್ಕಳಿಗೆ ದೃಷ್ಟಿಯಿಲ್ಲವೆಂದರೆ ಆ ತಾಯಿತಂದೆಗಳ ಸಂಕಟ ಎಂತಹುದೆಂಬುದನ್ನು ವಾಚಕರೇ ಊಹಿಸಬಹುದು. ಅಂದಿನ ಹಳ್ಳಿಯಲ್ಲಿ ಕುರುಡು ಮಗುವಿಗೆ ಶಾಲೆಯಿರಲಿಲ್ಲ, ವೃತ್ತಿಯಿರಲಿಲ್ಲ. ಮನೆಯವರ ಮರುಕವಿದ್ದರೆ ಕಟ್ಟೆಯ ಮೇಲೊಂದು ಮೂಲೆ. ಅದಿಲ್ಲದಿದ್ದರೆ ಜಾತ್ರೆಯ ದಾರಿಯಲ್ಲಿ ಭಿಕ್ಷಾಪಾತ್ರೆ.

ಈ ಬಾಲಕರಿಗೆ ದೈವವು ಕಂಠವನ್ನು ಕೊಟ್ಟಿತ್ತು. ಕಿವಿಗೆ ಬಿದ್ದುದನ್ನು ಹಾಗೆಯೇ ಹಿಡಿದು ಹಾಡುವ ಶಕ್ತಿ ಅವರಲ್ಲಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರಸ್ವಾಮಿಗಳವರು (1867-1930). ಮುಂದೆ 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹಾನುಭಾವರು ಅವರೇ. ಹಾಡನ್ನು ಕೇಳಿ ತಲೆದೂಗಿ, ಕೈಗೆ ಕಾಸನ್ನಿಟ್ಟು ಕಳುಹಿಸುವುದು ಲೋಕದ ರೂಢಿ. ಪೂಜ್ಯರು ಹಾಗೆ ಮಾಡಲಿಲ್ಲ. ಬಾಲಕರ ಅನ್ನ, ವಸತಿ, ವಿದ್ಯೆಗಳ ಹೊಣೆಯನ್ನು ತಾವೇ ಹೊತ್ತರು. ದಯೆಗೂ ಪೋಷಣೆಗೂ ಇರುವ ಅಂತರ ಇಲ್ಲಿಯೇ ತಿಳಿದುಬರುವುದು.

ವಿದ್ಯಾಭ್ಯಾಸ

ಗದಿಗೆಯ್ಯನವರಿಗೆ ದೊರೆತ ಶಿಕ್ಷಣವು ಅರೆಮನಸ್ಸಿನದಾಗಿರಲಿಲ್ಲ. ಕುರುಡನಿಗೆ ಇಷ್ಟು ಸಾಕೆಂದು ನಾಲ್ಕು ಭಜನೆಯ ಹಾಡುಗಳನ್ನು ಕಲಿಸಿ ನಿಲ್ಲಿಸಬಹುದಾಗಿತ್ತು. ಪೂಜ್ಯರು ಅವರನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತವನ್ನು ಕ್ರಮವಾಗಿ ಕಲಿಯುವಂತೆ ಮಾಡಿದರು. ಹಿಂದುಸ್ತಾನಿ ಪದ್ಧತಿಯನ್ನು ಅವರು ಮಿರಜಿನ ನೀಲಕಂಠಬುವಾ ಆಲೂರಮಠ ಅವರಲ್ಲಿ ಅಭ್ಯಸಿಸಿದರು. ಮಲ್ಲಿಕಾರ್ಜುನ ಮನಸೂರರಿಗೂ ಆರಂಭದ ಗುರುಗಳು ಇದೇ ಬುವಾ ಅವರು. ಹೀಗೆ ದಕ್ಷಿಣಾದಿ, ಉತ್ತರಾದಿ ಎರಡರಲ್ಲಿಯೂ ಅಧಿಕಾರವನ್ನು ಪಡೆದು ಗದಿಗೆಯ್ಯನವರು ಪಂಚಾಕ್ಷರ ಗವಾಯಿಗಳೆಂದು ನಾಡಿನಲ್ಲೆಲ್ಲ ಪ್ರಖ್ಯಾತರಾದರು.

ಮಿರಜಿನ ಪರಂಪರೆಗೂ ದೃಷ್ಟಿಹೀನತೆಗೂ ಒಂದು ನಂಟು ಉಂಟು. ವಿಷ್ಣು ದಿಗಂಬರ ಪಲುಸ್ಕರರು ಬಾಲ್ಯದಲ್ಲಿ ಪಟಾಕಿಯ ಅಪಘಾತದಿಂದ ಕಣ್ಣಿನ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. ಅವರು ಸಂಗೀತ ಕಲಿತದ್ದು ಮಿರಜಿನಲ್ಲಿ, ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ. 1901ರಲ್ಲಿ ಅವರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು ಸಂಗೀತಕ್ಕೆ ಪಾಠಶಾಲೆಯ ರೂಪವನ್ನು ಕೊಟ್ಟರು. ಕಣ್ಣು ಮುಚ್ಚಿದ ಕಡೆ ನಾದದ ಬಾಗಿಲು ತೆರೆಯಬಲ್ಲುದೆಂಬುದು ಹೀಗೆ ಆ ಕಾಲದಲ್ಲಿಯೇ ಕಂಡ ಸತ್ಯವಾಗಿತ್ತು. ಆದರೆ ಆ ಬಾಗಿಲನ್ನು ಬಡವರ, ಅನಾಥರ, ಹಳ್ಳಿಗರ ಕುರುಡು ಮಕ್ಕಳಿಗೆಲ್ಲ ತೆರೆದಿಡುವ ಕೆಲಸ ಉಳಿದಿತ್ತು.

ಸಂಚಾರಿ ಪಾಠಶಾಲೆ

1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಆ ಕೆಲಸ ಆರಂಭವಾಯಿತು. ಕುಮಾರಸ್ವಾಮಿಗಳವರ ಆಶೀರ್ವಾದದಿಂದ ಗವಾಯಿಗಳವರು ಅಂಧರಿಗೂ ಅನಾಥರಿಗೂ ಸಂಗೀತವನ್ನು ಕಲಿಸುವ ಪಾಠಶಾಲೆಯೊಂದನ್ನು ನಡೆಸತೊಡಗಿದರು. ಅದಕ್ಕೆ ಸ್ಥಿರವಾದ ನೆಲೆಯಿರಲಿಲ್ಲ. ಗುರುವೂ ಶಿಷ್ಯರೂ ತಂಬೂರಿ, ಹಾರ್ಮೋನಿಯಂ, ತಬಲಗಳೊಡನೆ ಊರಿನಿಂದೂರಿಗೆ ಸಂಚರಿಸುವರು. ಕೀರ್ತನೆ, ಸಂಗೀತಸಭೆ, ಪುರಾಣ, ನಾಟಕಗಳನ್ನು ನಡೆಸುವರು. ಭಕ್ತರು ಕೊಟ್ಟ ಕಾಳು ಕಡಿಯಿಂದ ಅಂದಂದಿನ ಪ್ರಸಾದ ನಡೆಯುವುದು. ಜಾತಿಮತಗಳ ಭೇದವನ್ನೆಣಿಸದೆ ಬಂದ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳಲಾಗುತ್ತಿತ್ತು. ಶಿಷ್ಯರಿಂದ ಶುಲ್ಕವೆಂಬುದು ಇಲ್ಲ.

ಈ ಸಂಚಾರದಿಂದ ಕಷ್ಟವೆಷ್ಟೋ ಪ್ರಯೋಜನವೂ ಅಷ್ಟೇ ಇತ್ತು. ಕುರುಡು ಬಾಲಕನು ನಾಲ್ಕು ಗೋಡೆಗಳ ನಡುವೆ ಕಲಿತರೆ ಸಭೆಯ ಅಂಜಿಕೆ ಅವನನ್ನು ಬಿಡದು. ಇಲ್ಲಿ ಕಲಿತ ಪಾಠವನ್ನು ಮರುದಿನವೇ ಊರವರ ಮುಂದೆ ಹಾಡಬೇಕಾಗಿತ್ತು. ಹಳ್ಳಿಯ ಜನ ಅವನನ್ನು ನೋಡಿ ಅಯ್ಯೋ ಎನ್ನುವ ಬದಲು ಕೇಳಿ ಶಹಭಾಸ್ ಎಂದಾಗ ಅವನಲ್ಲಿ ಹುಟ್ಟುವ ಧೈರ್ಯವನ್ನು ಬೇರೆ ಯಾವ ಔಷಧವೂ ಕೊಡಲಾರದು. ತನ್ನ ಊಟವನ್ನು ತನ್ನ ವಿದ್ಯೆಯೇ ತಂದಿತೆಂಬ ಅರಿವು ಮಗುವಿನ ಬೆನ್ನನ್ನು ನೇರಗೊಳಿಸುವುದು. ಮನಃಸ್ವಾಸ್ಥ್ಯವೆಂದು ನಾವು ಇಂದು ಕರೆಯುವುದರ ತಳಹದಿ ಇದೇ ಅಲ್ಲವೆ?

ಕಿವಿ ಮತ್ತು ಕೈಗಳ ಪಾಠ

ದೃಷ್ಟಿಯಿಲ್ಲದವರಿಗೆ ಸಂಗೀತವನ್ನು ಹೇಳಿಕೊಡುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಮ್ಮ ಸಂಗೀತವು ಮೂಲತಃ ಕರ್ಣಪರಂಪರೆಯದು. ಗುರು ಸ್ವರವನ್ನು ಹೇಳುವನು, ಶಿಷ್ಯನು ಮರಳಿ ಹೇಳುವನು. ಗುರುವೂ ಅಂಧನಾಗಿದ್ದರೆ ಪಾಠದಲ್ಲಿ ಕಣ್ಣಿನ ಸಂಜ್ಞೆಗೆ ಎಡೆಯೇ ಇಲ್ಲ. ಹೇಳಬೇಕಾದುದೆಲ್ಲವೂ ನಾದದಿಂದಲೋ ಸ್ಪರ್ಶದಿಂದಲೋ ಶಿಷ್ಯನನ್ನು ಮುಟ್ಟಬೇಕು.

ಹಾರ್ಮೋನಿಯಮ್ಮಿನ ಕರಿಯ ಮನೆಗಳು ಎರಡು ಮತ್ತು ಮೂರರ ಗುಂಪುಗಳಾಗಿ ಎದ್ದು ನಿಂತಿವೆ. ಬೆರಳು ಅವುಗಳನ್ನು ತಡವಿ ಷಡ್ಜದ ಸ್ಥಾನವನ್ನು ಕಂಡುಕೊಳ್ಳುವುದು. ತಬಲದ ಮೇಲೆ ಅಂಚಿನ ಪಟ್ಟಿ, ನಡುವಿನ ನುಣುಪಾದ ಚರ್ಮ, ಕಪ್ಪು ಕರಣೆ ಈ ಮೂರರ ಸ್ಪರ್ಶವೂ ಬೇರೆ ಬೇರೆ. ಶಿಷ್ಯನ ಕೈಯನ್ನು ಹಿಡಿದು ಆಯಾ ಸ್ಥಳದಲ್ಲಿರಿಸಿ, ಬಾಯಿಂದ ಬೋಲನ್ನು ನುಡಿಸಿದರೆ ನಾಲಗೆಯೂ ಬೆರಳೂ ಒಂದಾಗುವುವು. ತೀನತಾಲದ ಹದಿನಾರು ಮಾತ್ರೆಗಳಲ್ಲಿ ಒಂದು, ಐದು, ಹದಿಮೂರರಲ್ಲಿ ಚಪ್ಪಾಳೆ, ಒಂಬತ್ತರಲ್ಲಿ ಖಾಲಿ. ಕಣ್ಣಿದ್ದವನು ಖಾಲಿಯಲ್ಲಿ ಕೈ ಬೀಸುವುದನ್ನು ನೋಡಿ ತಿಳಿಯುವನು. ಕಣ್ಣಿಲ್ಲದವನು ಡಗ್ಗದ ಗಂಭೀರನಾದವು ಅಡಗಿ ಮತ್ತೆ ಏಳುವುದನ್ನು ಕೇಳಿ ತಿಳಿಯುವನು. ಇದು ಕೊರತೆಯ ಕ್ರಮವೆಂದು ಯಾರೂ ಬಗೆಯಬಾರದು. ತಾಳವನ್ನು ಹೀಗೆ ಕಿವಿಯಲ್ಲಿ ಕಟ್ಟಿಕೊಂಡವನ ಲಯವು ಸುಲಭವಾಗಿ ಅಲುಗದು.

ಪಾಶ್ಚಾತ್ಯರಲ್ಲಿಯೂ ಈ ವಿಚಾರ ನಡೆದಿದೆ. ಫ್ರಾನ್ಸಿನ ಲೂಯಿ ಬ್ರೈಲನು ಸ್ವತಃ ಆರ್ಗನ್ ವಾದಕ. 1829ರಲ್ಲಿ ಅವನು ಪ್ರಕಟಿಸಿದ ಚುಕ್ಕೆಗಳ ಬರಹದಲ್ಲಿ ಅಕ್ಷರಗಳೊಡನೆ ಸಂಗೀತದ ಸ್ವರಲಿಪಿಯೂ ಸೇರಿತ್ತು. ಆದರೆ ಅಲ್ಲಿಯೂ ಒಂದು ತೊಡಕು ಉಂಟು. ಲಿಪಿಯನ್ನು ಓದುವ ಬೆರಳೇ ವಾದ್ಯವನ್ನೂ ನುಡಿಸಬೇಕಾದುದರಿಂದ ವಾದಕನು ಮೊದಲು ಓದಿ, ಕಂಠಪಾಠ ಮಾಡಿ, ಅನಂತರ ನುಡಿಸಬೇಕು. ಹೀಗೆ ಕಡೆಗೆ ಅವರೂ ನೆನಪಿನ ಆಸರೆಗೇ ಬರುವರು. ನಮ್ಮ ಗುರುಕುಲವು ಮೊದಲಿಗೇ ಹಿಡಿದ ದಾರಿ ಅದು.

ಶಿಷ್ಯನ ಯೋಗ್ಯತೆಯನ್ನು ಅರಿಯುವುದು

ಎಲ್ಲರೂ ಗಾಯಕರಾಗಲಾರರು. ಒಬ್ಬನ ಕೈಯಲ್ಲಿ ತಬಲವಿದ್ದರೆ ಇನ್ನೊಬ್ಬನ ಒಲವು ಪಿಟೀಲಿನ ಕಡೆಗೆ. ಮಗದೊಬ್ಬನಿಗೆ ಕೀರ್ತನೆ ಹೇಳುವ ಮಾತುಗಾರಿಕೆ. ಹುಡುಗರಿಗೆ ಪ್ರಾಯ ಬಂದಾಗ ಕಂಠ ಒಡೆಯುವುದುಂಟು. ಆ ಕಾಲದಲ್ಲಿ ಬಲವಂತವಾಗಿ ತಾರಕ್ಕೇರಿಸಿದರೆ ಧ್ವನಿಯು ಕೆಡುವುದು. ಗಾಯನವೊಂದೇ ಗತಿಯೆಂದು ನಂಬಿದ ಹುಡುಗನ ಮನವೂ ಕುಗ್ಗುವುದು. ಗಾಯನ, ವಾದನ, ಕೀರ್ತನೆ, ನಾಟಕಗಳೆಲ್ಲ ಒಂದೇ ಸೂರಿನಡಿ ನಡೆಯುವ ಪಾಠಶಾಲೆಯಲ್ಲಿ ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುವುದು. ಗವಾಯಿಗಳವರ ಸಂಸ್ಥೆಯ ರಚನೆಯಲ್ಲಿಯೇ ಈ ಅನುಕೂಲವು ಅಡಗಿತ್ತು.

ಇದಕ್ಕೆ ಇಬ್ಬರು ಶಿಷ್ಯರ ಉದಾಹರಣೆ ಸಾಕು. ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಜನಿಸಿದ ಪುಟ್ಟಯ್ಯನೆಂಬ ಮಗು ಶೈಶವದಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡಿತು. ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಿದ್ದ ಆ ಬಾಲಕನು ಮಾವನ ಹಾರ್ಮೋನಿಯಮ್ಮನ್ನು ತಾನೇ ತಡವಿ ನುಡಿಸುತ್ತಿದ್ದುದನ್ನು ಕಂಡು ಅವನನ್ನು ಗವಾಯಿಗಳವರ ಬಳಿಗೆ ಸೇರಿಸಿದರು. ಅವರೇ ಮುಂದೆ ಪಂಡಿತ ಪುಟ್ಟರಾಜ ಗವಾಯಿಗಳಾಗಿ, ಉಭಯ ಸಂಗೀತಪದ್ಧತಿಗಳಲ್ಲಿಯೂ ಅನೇಕ ವಾದ್ಯಗಳಲ್ಲಿಯೂ ಪಾರಂಗತರಾಗಿ, ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಇನ್ನೊಬ್ಬರು ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರುಗಳು (1917-1991). ಅವರು ಕಣ್ಣುಳ್ಳವರು, ನಾಟಕದ ಕಂಪನಿಯ ಕಡೆಗೆ ಒಲಿದಿದ್ದ ಬಾಲಕನನ್ನು ಗವಾಯಿಗಳವರು ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆದಾಗ ತರುಣ ರಾಜಗುರುಗಳು ಹಾಡಿದರು. ಅವರಿಗೆ ತಬಲದ ಸಾಥಿಗೆ ಕುಳಿತವರು ಸ್ವತಃ ಗುರುಗಳೇ! ಶಿಷ್ಯನು ಮುಂದೆ, ಗುರುವು ಪಕ್ಕದಲ್ಲಿ. ಇಷ್ಟು ದೊಡ್ಡ ಸಭೆಯಲ್ಲಿ ಮೊದಲ ಬಾರಿಗೆ ಹಾಡುವ ಇಪ್ಪತ್ತು ತುಂಬದ ಹುಡುಗನಿಗೆ ಇದಕ್ಕಿಂತ ಹೆಚ್ಚಿನ ಅಭಯವುಂಟೆ?

ಅಂಧರೂ ಕಣ್ಣುಳ್ಳವರೂ ಒಂದೇ ಪಂಕ್ತಿಯಲ್ಲಿ ಕುಳಿತು ಕಲಿತುದರ ಫಲವೂ ಹಿರಿದು. ಕಣ್ಣುಳ್ಳವನ ಹೆಗಲು ಕಣ್ಣಿಲ್ಲದವನಿಗೆ ದಾರಿ. ಕಣ್ಣಿಲ್ಲದವನ ಕಿವಿ ಕಣ್ಣುಳ್ಳವನಿಗೆ ಪಾಠ. ಇಲ್ಲಿ ಸಹಾಯವು ಒಂದೇ ಕಡೆಯಿಂದ ಹರಿಯುವ ಉಪಕಾರವಾಗಿ ಉಳಿಯುವುದಿಲ್ಲ.

ಗದಗಿನ ಪುಣ್ಯಾಶ್ರಮ

ಸಂಚಾರಿ ಪಾಠಶಾಲೆಗೆ ಮುಂದೆ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ದಾನಿಗಳ ಔದಾರ್ಯದಿಂದ ಸ್ಥಳವು ಒದಗಿ, ವೀರೇಶ್ವರ ಪುಣ್ಯಾಶ್ರಮವು ಅಲ್ಲಿ ನಿಂತಿತು. ಗುರುವಿನ ತಪಸ್ಸಿಗೆ ದಾನಿಯ ಭೂಮಿಯು ಕೂಡಿದುದರಿಂದಲೇ ಆ ಕಾರ್ಯವು ಒಬ್ಬರ ಆಯುಷ್ಯವನ್ನು ಮೀರಿ ಬಾಳಿತು. 1944ರ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಆಗ ಅವರಿಗೆ ಐವತ್ತೆರಡು ವರ್ಷ. ಹೊಣೆಯು ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. 2010ರಲ್ಲಿ ಭಾರತ ಸರಕಾರದ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದ ಅವರು ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, ಅರುವತ್ತಾರು ವರ್ಷಗಳ ಕಾಲ ಆ ದೀಪವನ್ನು ಕಾಯ್ದರು. ಗವಾಯಿಗಳವರ ಜೀವನವು 1995ರಲ್ಲಿ ಚಲನಚಿತ್ರವಾಗಿಯೂ ಬಂದು, ಅದರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಲಭಿಸಿತು.

ನಮ್ಮ ಹೊಣೆ

ಇಂದು ಕಾನೂನು ನೆರವಿಗಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರಕಾರದ ಮತ್ತು ಅನುದಾನಿತ ಉಚ್ಚ ಶಿಕ್ಷಣಸಂಸ್ಥೆಗಳಲ್ಲಿ ನಿರ್ದಿಷ್ಟ ಪ್ರಮಾಣದ ವೈಕಲ್ಯವುಳ್ಳವರಿಗೆ ನೂರಕ್ಕೆ ಐದಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಕಾದಿರಿಸಬೇಕೆಂದು ವಿಧಿಸಿದೆ. ಬರೆಯಲಾರದವರು ಪರೀಕ್ಷೆಯಲ್ಲಿ ಬರಹಗಾರನ ಸಹಾಯ ಪಡೆಯಬಹುದು. ಗಂಟೆಗೆ ಇಪ್ಪತ್ತು ನಿಮಿಷಗಳಿಗೆ ಕಡಿಮೆಯಿಲ್ಲದಷ್ಟು ಹೆಚ್ಚಿನ ಕಾಲವನ್ನೂ ಅವರಿಗೆ ಕೊಡಬೇಕೆಂದು 2018ರ ನಿರ್ದೇಶನಗಳು ಹೇಳಿದವು. ಇವೆಲ್ಲ ಸ್ವಾಗತಾರ್ಹ. ಆದರೆ ಪ್ರವೇಶಪತ್ರವೊಂದರಿಂದಲೇ ವಿದ್ಯೆ ಬರುವುದಿಲ್ಲ. ಸಂಗೀತಶಾಸ್ತ್ರದ ಪುಸ್ತಕವು ಬ್ರೈಲ್ ಲಿಪಿಯಲ್ಲಿಯೋ ಧ್ವನಿಮುದ್ರಣದಲ್ಲಿಯೋ ಇಲ್ಲದಿದ್ದರೆ, ಅಭ್ಯಾಸದ ಕೊಠಡಿಯು ಮೂರನೆಯ ಮಹಡಿಯಲ್ಲಿದ್ದು ಕೈಹಿಡಿಯುವವರಿಲ್ಲದಿದ್ದರೆ, ಗಂಟಲು ಕಟ್ಟಿದ ಹುಡುಗಿಗೆ ಇಂದು ಹಾಡಬೇಡ, ಕೇಳು ಎನ್ನುವ ಗುರುವಿಲ್ಲದಿದ್ದರೆ, ಕಾದಿರಿಸಿದ ಸ್ಥಾನವು ಬರಿಯ ಹಾಜರಿಪುಸ್ತಕದ ಹೆಸರಾಗಿ ಉಳಿಯುವುದು.

ಅಧ್ಯಾಪಕರು ಪಾಠಕ್ಕೆ ಮೊದಲು ಶಿಷ್ಯನ ಸ್ಥಿತಿಯನ್ನು ವಿಚಾರಿಸಲಿ. ಪೂರ್ವವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ಗಂಟೆಗಳಾದರೂ ಪುಸ್ತಕವನ್ನು ಓದಿ ಧ್ವನಿಮುದ್ರಿಸಿ ಕೊಡಲಿ. ದಾನಿಗಳು ಕಲ್ಲಿನ ಮೇಲಣ ಹೆಸರಿನೊಡನೆ ಒಂದು ಮಗುವಿನ ಊಟ, ವಸತಿ, ವಾದ್ಯಗಳ ವೆಚ್ಚವನ್ನೂ ನೆನೆಯಲಿ. ಕಾಡಶೆಟ್ಟಿಹಳ್ಳಿಯ ಕುರುಡು ಬಾಲಕನನ್ನು ಒಬ್ಬ ಸ್ವಾಮಿಗಳು ಕೈಹಿಡಿದರು. ಆ ಬಾಲಕನು ಬೆಳೆದು ಎಷ್ಟೋ ಮಕ್ಕಳ ಕೈಹಿಡಿದನು. ಆ ಮಕ್ಕಳಲ್ಲೊಬ್ಬರು ಅರುವತ್ತಾರು ವರ್ಷ ನಾಡಿನ ಅಂಧರಿಗೆ ಆಸರೆಯಾದರು. ಈ ಕೈಗಳ ಸಾಲು ನಮ್ಮಲ್ಲಿಗೆ ಬಂದು ನಿಲ್ಲದಿರಲಿ. ಗಾನಯೋಗಿಗಳವರ ದಿವ್ಯಸ್ಮೃತಿಗೆ ಅನಂತ ಪ್ರಣಾಮಗಳು.