ಸ್ಕಾಲರ್‌ಶಿಪ್ಪಿನಲ್ಲೇ ಓದಿದ ರಾಷ್ಟ್ರಪತಿ: ಮಿಷನ್ ಶಾಲೆಗಳಲ್ಲಿ ಕಲಿತ ರಾಧಾಕೃಷ್ಣನ್

ಬಜಪೆ: ಸೆಪ್ಟೆಂಬರ್ 5 ಹತ್ತಿರ ಬಂತೆಂದರೆ ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಪೆನ್ನು, ಗ್ರೀಟಿಂಗ್ ಕಾರ್ಡಿಗೆ ಮಕ್ಕಳ ಸಾಲು. ಶಾಲೆಗಳಲ್ಲಿ ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಫೋಟೋಕ್ಕೆ ಹಾರ. ಮೇಷ್ಟ್ರಾಗಿದ್ದವರು ರಾಷ್ಟ್ರಪತಿಯಾದರು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅವರು ಓದಿದ್ದು ಹೆಚ್ಚಾಗಿ ಕ್ರೈಸ್ತ ಮಿಷನರಿಗಳ ಶಾಲೆ ಕಾಲೇಜುಗಳಲ್ಲಿ, ಅದೂ ವಿದ್ಯಾರ್ಥಿವೇತನದ ಬಲದಿಂದ ಅನ್ನುವುದು ಶಿಕ್ಷಕರ ದಿನದ ಭಾಷಣಗಳಲ್ಲಿ ಬರುವುದು ಕಡಿಮೆ.

ಹುಟ್ಟಿದ್ದು 1888ರಲ್ಲಿ, ತಿರುತ್ತಣಿಯಲ್ಲಿ. ಮನೆಮಾತು ತೆಲುಗು. ತಂದೆ ವೀರಾಸ್ವಾಮಿ ಅವರದ್ದು ಜಮೀನ್ದಾರರ ಕೈಕೆಳಗೆ ಕಂದಾಯದ ಸಣ್ಣ ಕೆಲಸ. ಆ ಸಂಬಳದಲ್ಲಿ ಮಗನನ್ನು ಕಾಲೇಜಿಗೆ ಕಳಿಸುವುದು ಸುಲಭದ ಮಾತಾಗಿರಲಿಲ್ಲ. ಹುಡುಗ ಮಾತ್ರ ಓದಿನಲ್ಲಿ ಚುರುಕು. 1896ರಲ್ಲಿ ತಿರುಪತಿಗೆ ಹೋಗಿ ಜರ್ಮನ್ ಲುಥೆರನ್ ಮಿಷನ್ ಶಾಲೆಗೆ ಸೇರಿದ. ಅಲ್ಲಿಂದ ವೆಲ್ಲೂರಿನ ವೂರೀಸ್ ಕಾಲೇಜು, ಅದು ಅಮೆರಿಕದ ಮಿಷನ್‌ನವರದ್ದು. 16ನೇ ವಯಸ್ಸಿಗೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ಅದು ಸ್ಕಾಟ್ಲೆಂಡಿನವರದ್ದು. ಹೋದಲ್ಲೆಲ್ಲ ಸ್ಕಾಲರ್‌ಶಿಪ್ ಸಿಗುತ್ತಾ ಹೋಯಿತು, ಓದು ನಿಲ್ಲಲಿಲ್ಲ. ಈ ನಡುವೆಯೇ ಶಿವಕಾಮು ಅವರೊಂದಿಗೆ ಮದುವೆಯೂ ಆಗಿತ್ತು.

ಆಗ ನಮ್ಮ ಮಂಗಳೂರೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಓದಲು ಹೋದದ್ದೂ ಮದ್ರಾಸಿಗೇ.

ಕಾಲೇಜಿನಲ್ಲಿ ಯಾವ ವಿಷಯ ತೆಗೆದುಕೊಳ್ಳುವುದು? ಇಲ್ಲಿದೆ ಸ್ವಾರಸ್ಯ. ತತ್ವಶಾಸ್ತ್ರವೇ ಬೇಕೆಂದು ಅವರೇನೂ ಆಸೆಪಟ್ಟು ಹೋದವರಲ್ಲ. ಅದೇ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ ಸಂಬಂಧಿಯೊಬ್ಬರು ತಮ್ಮ ತತ್ವಶಾಸ್ತ್ರದ ಹಳೇ ಪುಸ್ತಕಗಳನ್ನು ಕೊಟ್ಟರು. ಹೊಸ ಪುಸ್ತಕ ಕೊಳ್ಳಲು ದುಡ್ಡಿಲ್ಲ, ಪುಕ್ಕಟೆ ಸಿಕ್ಕಿದ್ದು ಇದು. ವಿಷಯ ಅಲ್ಲಿಗೆ ತೀರ್ಮಾನವಾಯಿತು! ಮುಂದೆ ಇಡೀ ಪ್ರಪಂಚಕ್ಕೆ ಭಾರತದ ತತ್ವಶಾಸ್ತ್ರ ಹೇಳಿಕೊಟ್ಟವರು ಆ ದಾರಿ ಹಿಡಿದದ್ದು ಹೀಗೆ.

ಸ್ಕಾಲರ್‌ಶಿಪ್ ಬಂದರೆ ಎಲ್ಲ ಆಯಿತು ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಈಗಲೂ ಅಷ್ಟೇ. 1880ರಲ್ಲಿ ಶುರುವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯ ಆಗಿದೆ. ಬಜಪೆಯ ಮಕ್ಕಳು ಮದ್ರಾಸಿಗೆ ಹೋಗಬೇಕಾಗಿಲ್ಲ, ಸ್ಟೇಟ್‌ಬ್ಯಾಂಕ್ ಬಸ್ ಹತ್ತಿದರೆ ಸಾಕು. ಆದರೆ ಸೈಬರ್ ಅಂಗಡಿಯಲ್ಲಿ ಕೂತು ಎಸ್‌ಎಸ್‌ಪಿ ಪೋರ್ಟಲಿಗೆ ಅರ್ಜಿ ಹಾಕಿ ಹಣ ಬಂದರೂ, ಬಸ್ಸಿನ ಖರ್ಚು, ಪುಸ್ತಕ, ಪ್ರಾಜೆಕ್ಟಿನ ಖರ್ಚು ಬೇರೆಯೇ ಇರುತ್ತದೆ. ಯಾವ ಕೋರ್ಸು ಅನ್ನುವುದನ್ನು ಎಷ್ಟೋ ಮನೆಗಳಲ್ಲಿ ಇವತ್ತೂ ಆ ಲೆಕ್ಕವೇ ತೀರ್ಮಾನ ಮಾಡುತ್ತದೆ.

ಮಿಷನ್ ಕಾಲೇಜಿನಲ್ಲಿ ಓದಿದ್ದಕ್ಕೆ ರಾಧಾಕೃಷ್ಣನ್ ತಮ್ಮ ಧರ್ಮ ಬಿಟ್ಟರೇ? ಇಲ್ಲ. ಹಿಂದೂ ವಿಚಾರಗಳ ಬಗ್ಗೆ ಮಿಷನರಿ ಅಧ್ಯಾಪಕರು ಮಾಡುತ್ತಿದ್ದ ಟೀಕೆ ಅವರಿಗೆ ನೋವು ಕೊಟ್ಟಿತ್ತು. ಜಗಳಕ್ಕೆ ಹೋಗಲಿಲ್ಲ, ಕೂತು ಓದಿದರು. 1908ರಲ್ಲಿ ಎಂ.ಎ.ಗೆ ಬರೆದ ಪ್ರಬಂಧದ ವಿಷಯವೇ ವೇದಾಂತದ ನೀತಿ. ವೇದಾಂತದಲ್ಲಿ ನೀತಿಗೆ ಜಾಗವಿಲ್ಲ ಅನ್ನುವವರಿಗೆ ಅದು ಉತ್ತರ. ಇದನ್ನು ಓದಿ ಪ್ರೊಫೆಸರ್ ಎ.ಜಿ. ಹಾಗ್ ಸಿಟ್ಟಾಗಬಹುದು ಅನ್ನುವ ಹೆದರಿಕೆ ಅವರಿಗೆ ಇತ್ತು. ಹಾಗ್ ಸಿಟ್ಟಾಗಲಿಲ್ಲ, ಪ್ರಬಂಧವನ್ನು ಮೆಚ್ಚಿಕೊಂಡರು. ಅದು ಪುಸ್ತಕವಾಗಿ ಅಚ್ಚೂ ಆಯಿತು. ಆಗ ಹುಡುಗನಿಗೆ 20 ವರ್ಷ. ತನ್ನ ವಾದಕ್ಕೆ ವಿರುದ್ಧ ಬರೆದ ಶಿಷ್ಯನನ್ನು ಹೊಗಳಿದ ಆ ಮೇಷ್ಟ್ರಿಗೂ ಶಿಕ್ಷಕರ ದಿನ ಒಂದು ಹಾರ ಸಲ್ಲಬೇಕು.

1909ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. 1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಬಂದರು. ಕನ್ನಡ ನಾಡಿನಲ್ಲಿ ಇದ್ದದ್ದು ಮೂರು ವರ್ಷವಷ್ಟೇ, ಆದರೆ ಇಲ್ಲಿನ ವಿದ್ಯಾರ್ಥಿಗಳು ಅವರನ್ನು ಬಿಟ್ಟುಕೊಡಲು ತಯಾರಿರಲಿಲ್ಲ. 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ ಹೂವಿನಿಂದ ಅಲಂಕರಿಸಿದ ಗಾಡಿಯಲ್ಲಿ ಕೂರಿಸಿ, ಕುದುರೆಯ ಬದಲು ಹುಡುಗರೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು.

ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಕತೆ. 1936ರಿಂದ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್, 1952ರಲ್ಲಿ ಉಪರಾಷ್ಟ್ರಪತಿ, 1954ರಲ್ಲಿ ಭಾರತರತ್ನ, 1962ರಿಂದ 67ರವರೆಗೆ ರಾಷ್ಟ್ರಪತಿ.

ತೀರಿಕೊಂಡದ್ದು 1975ರ ಏಪ್ರಿಲ್ 17ರಂದು. ಅದೇ ವರ್ಷ ಅವರಿಗೆ ಟೆಂಪಲ್ಟನ್ ಪ್ರಶಸ್ತಿ ಬಂದಿತ್ತು. ಆ ಹಣವನ್ನು ಪೂರ್ತಿಯಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೇ ಕೊಟ್ಟರು. 1989ರಲ್ಲಿ ಆ ವಿಶ್ವವಿದ್ಯಾನಿಲಯ ಅವರ ಹೆಸರಿನಲ್ಲೇ ಒಂದು ಸ್ಕಾಲರ್‌ಶಿಪ್ ಶುರು ಮಾಡಿತು.